ಫಲಕದಲ್ಲಿ ಇಲ್ಲದ ಪದ

ನಿನ್ನೆ ಸಂಜೆ ಗಣಪತಿ ದೇವಸ್ಥಾನದ ಆವರಣದಲ್ಲಿ ಬಡಾವಣೆಯ ಸಂಘದವರು ನನ್ನ ಸೋದರಮಾವನನ್ನು ಸನ್ಮಾನಿಸಿದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಇತ್ತು. ಫಲಕದಲ್ಲಿ 'ಹಿರಿಯ ಉದ್ಯಮಿ, ಸಮಾಜ ಸೇವಕ' ಎಂದು ಕೆತ್ತಿಸಿದ್ದರು. ನಿರೂಪಕರು ರಕ್ತದಾನ ಶಿಬಿರ, ಕೊರೊನಾ ಕಾಲದಲ್ಲಿ ಹಂಚಿದ ದಿನಸಿ, ಸರ್ಕಾರಿ ಶಾಲೆಗೆ ಕೊಡಿಸಿದ ಬೆಂಚು, ಒಂದನ್ನೂ ಬಿಡದೆ ಹೇಳಿದರು. ಮೂವತ್ತೈದು ವರ್ಷ ಮಾವ ಮಾಡಿದ ಕೆಲಸದ ಹೆಸರನ್ನು ಮಾತ್ರ ಎತ್ತಲಿಲ್ಲ. ಮಾವ ಬ್ರೋಕರ್. ಮನೆ, ನಿವೇಶನ ಕೊಡಿಸುವ ಬ್ರೋಕರ್. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮಲ್ಲಿ ಹಲವರು ಅವರನ್ನು ಬಲ್ಲಿರಿ. ಎಸ್ಸೆಸ್ಸೆಲ್ಸಿ ಮುಗಿಸಿ, ಉಪನೋಂದಣಾಧಿಕಾರಿ ಕಚೇರಿಯ ಎದುರಿಗಿದ್ದ ಪತ್ರ ಬರಹಗಾರರೊಬ್ಬರ ಬಳಿ ಛಾಪಾ ಕಾಗದ ತಂದುಕೊಡುವ ಹುಡುಗನಾಗಿ ಸೇರಿದವರು. ಕ್ರಯಪತ್ರದ ಚೆಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ, ಓದುವುದನ್ನು ಅಲ್ಲೇ ಕಲಿತರು. ಆಮೇಲೆ ಸೈಕಲ್ ತುಳಿದು ಬಾಡಿಗೆ ಮನೆ ತೋರಿಸಿದರು, ನಿಧಾನವಾಗಿ ನಿವೇಶನಗಳ ವ್ಯವಹಾರಕ್ಕೆ ಬಂದರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 9ನೇ ಸೆಕ್ಷನ್ ಏಜೆಂಟರಿಗೂ ನೋಂದಣಿ ಕಡ್ಡಾಯ ಮಾಡಿದಾಗ ಎಷ್ಟೋ ಜನ ಗೊಣಗಿದರು. ಮಾವ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ತಮ್ಮ ಕೆಲಸಕ್ಕೆ ಸರ್ಕಾರ ಒಂದು ಹೆಸರು ಕೊಟ್ಟಿತು ಎಂಬ ಸಂತೋಷ ಅವರಿಗೆ. ಆ ಹೆಸರನ್ನೇ ನಿನ್ನೆ ಅಳಿಸಿದರು!

ಅವರ ನಿಜವಾದ ಸೇವೆ ಬೆಂಚು, ದಿನಸಿಯಲ್ಲಿ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಅವರು ಊರವರ ಕಾಗದಪತ್ರ ನೋಡುತ್ತಾರೆ. ಬೇರೆ ಬ್ರೋಕರ್ ತೋರಿಸಿದ ಆಸ್ತಿಯಾದರೂ ಸರಿ, ಒಂದು ರೂಪಾಯಿ ಮುಟ್ಟುವುದಿಲ್ಲ. "ಇಸಿ ನಿಲ್ ಬಂದಿದೆ, ಸಾಕಲ್ಲವೇ?" ಎಂದು ಬಂದವರಿಗೆ, ಆಸ್ತಿಯ ಮೇಲೆ ಋಣಭಾರವಿಲ್ಲ ಎನ್ನುವ ಆ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ನೋಂದಾಯಿಸದ ಕರಾರೂ ಬಾಯಿಮಾತಿನ ಪಾಲೂ ಕಾಣುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದೇ ಎಂದು ಕೆದಕುತ್ತಾರೆ, ಏಕೆಂದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಅಡಿ ಅಂಥ ಕ್ರಯವೇ ರದ್ದಾಗಬಹುದು. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಹಿಡಿದು ಬಂದವರಿಗೆ, ಅದರಿಂದ ಒಡೆತನ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದು ನೆನಪಿಸುತ್ತಾರೆ.

ಒಮ್ಮೆ ಒಬ್ಬರು ತೀರಿಕೊಂಡ ತಂದೆಯ ಮನೆಯನ್ನು ಮಾರಿಸಿಕೊಡಿ ಎಂದು ಬಂದರು. ವಂಶವೃಕ್ಷದಲ್ಲಿ ಅಕ್ಕನ ಹೆಸರೇ ಇರಲಿಲ್ಲ. "ಮದುವೆ ಮಾಡಿಕೊಟ್ಟಾಗಿದೆ, ಅವಳಿಗೇನು ಹಕ್ಕು?" ಎಂದರು. ತಂದೆ ತಾವೇ ದುಡಿದು ಕಟ್ಟಿದ ಮನೆ, ಉಯಿಲು ಬರೆದಿಲ್ಲ. ಮಗಳಿಗೂ ಮಗನಷ್ಟೇ ಪಾಲು ಎಂದು 1956ರಿಂದಲೇ ಕಾನೂನಿದೆ ಎಂದ ಮಾವ, "ಅಕ್ಕ ಬಂದು ಸಹಿ ಹಾಕುವವರೆಗೆ ನಾನು ಗಿರಾಕಿಯನ್ನು ಕರೆತರುವುದಿಲ್ಲ" ಎಂದುಬಿಟ್ಟರು. ಆ ಕಮಿಷನ್ ಬಂದಿದ್ದರೆ ಅತ್ತೆಯ ಮಂಡಿ ಶಸ್ತ್ರಚಿಕಿತ್ಸೆ ಆ ವರ್ಷವೇ ಆಗುತ್ತಿತ್ತು. ಇದನ್ನು ವೇದಿಕೆಯಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಾದರೆ 'ಬ್ರೋಕರ್' ಎನ್ನಬೇಕಾಗುತ್ತಿತ್ತಲ್ಲ!

ಬ್ರೋಕರ್‌ಗಳಲ್ಲಿ ಮೋಸಗಾರರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಒಂದೇ ನಿವೇಶನವನ್ನು ಇಬ್ಬರಿಗೆ ತೋರಿಸಿ ಮುಂಗಡ ನುಂಗಿದವರನ್ನು ನಾನೂ ಕಂಡಿದ್ದೇನೆ. ಆದರೆ ಕೆಟ್ಟ ವೈದ್ಯರಿದ್ದಾರೆಂದು ಒಳ್ಳೆಯ ವೈದ್ಯರ ಫಲಕದಿಂದ 'ವೈದ್ಯ' ಎಂಬ ಪದವನ್ನು ಯಾರೂ ಕಿತ್ತುಹಾಕುವುದಿಲ್ಲ.

ಸಂಘದ ಕಾರ್ಯದರ್ಶಿಗಳನ್ನು ಕೇಳಿದೆ. "ಬ್ರೋಕರ್ ಎಂದು ಹಾಕಿದರೆ ಅವರಿಗೇ ಮುಜುಗರವಾಗುತ್ತದೆ ಅಮ್ಮ" ಎಂದರು. ಮುಜುಗರ ಅವರಿಗಲ್ಲ, ನಮಗೆ. ನನಗೂ ಇತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಸೋದರಮಾವ ಏನು ಮಾಡುತ್ತಾರೆ?" ಎಂದು ಕೇಳಿದಾಗ, "ಬಿಸಿನೆಸ್" ಎಂದವಳು ನಾನೇ. ಕಾಫಿ ಲೋಟಗಳ ತಟ್ಟೆ ಹಿಡಿದು ಮಾವ ಬಾಗಿಲಲ್ಲೇ ನಿಂತಿದ್ದರು, ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಎರಡು ತಿಂಗಳ ನಂತರ ಧಾರೆಯ ದಿನ ಕೈಹಿಡಿದು ನನ್ನನ್ನು ಹಸೆಮಣೆಗೆ ಕರೆತಂದವರೂ ಅವರೇ. ಹನ್ನೆರಡು ವರ್ಷವಾಯಿತು, ಇವತ್ತಿನವರೆಗೆ ನಾನು ಅವರ ಕ್ಷಮೆ ಕೇಳಿಲ್ಲ.

ಇಂದು ಭಾನುವಾರ. ನಾನಿನ್ನೂ ಮಾವನ ಮನೆಯಲ್ಲೇ ಇದ್ದೇನೆ. ಜಗಲಿಯಲ್ಲಿ ಮೂವರು ಕಾಗದದ ಚೀಲ ಹಿಡಿದು ಕುಳಿತಿದ್ದಾರೆ, ಮಾವ ಕನ್ನಡಕ ಹುಡುಕುತ್ತಿದ್ದಾರೆ. ಅವರನ್ನೆಲ್ಲ ಕಳುಹಿಸಿದ ಮೇಲೆ ಕೇಳುತ್ತೇನೆ. ಫಲಕ ನನ್ನ ಬಳಿ ಇದೆ. ನಾಳೆ ಕೆತ್ತುವವರ ಅಂಗಡಿಗೆ ಒಯ್ದು, 'ಉದ್ಯಮಿ' ಇರುವ ಕಡೆ ಏನು ಬರೆಯಬೇಕೆಂದು ಹೇಳಿ ಬರುತ್ತೇನೆ.