ಮಸ್ಕತ್ ನೋಡಿದಿರಿ ಸರಿ, ಸೂರ್ ನೋಡಿದಿರಾ?

ಒಮಾನ್‌ಗೆ ಹೋಗಿಬಂದವರ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗ್ರ್ಯಾಂಡ್ ಮಸೀದಿ, ನಿಜ್ವಾ ಕೋಟೆ, ಮರಳುಗಾಡಿನಲ್ಲಿ ಒಂಟೆ, ಯಾವುದೋ ವಾದಿಯ, ಅಂದರೆ ಬೆಟ್ಟದ ಕಣಿವೆಯ, ಹಸಿರು ನೀರು. ಚೆನ್ನಾಗಿಯೇ ಇವೆ, ನಾನೂ ತೆಗೆಸಿಕೊಂಡಿದ್ದೇನೆ. ಆದರೆ ಅಷ್ಟಕ್ಕೇ "ಒಮಾನ್ ಮುಗೀತು" ಅನ್ನುವವರ ಹತ್ತಿರ ನನ್ನದೊಂದು ತಕರಾರಿದೆ. ಆ ದೇಶ ಶತಮಾನಗಟ್ಟಲೆ ಬದುಕಿದ್ದು ಕಡಲಿನ ದುಡಿಮೆಯಿಂದ. ನಾವು ಮಾತ್ರ ಗಲ್ಫ್ ಅಂದರೆ ಎಣ್ಣೆ, ಮರಳು, ಸಂಬಳ ಅಂತ ತಲೆಯಲ್ಲಿ ಕೂರಿಸಿಕೊಂಡುಬಿಟ್ಟಿದ್ದೇವೆ.

ಮಸ್ಕತ್‌ನಿಂದ ಕರಾವಳಿ ಹೆದ್ದಾರಿ ಹಿಡಿದು ಸುಮಾರು 200 ಕಿ.ಮೀ. ಹೋದರೆ ಸೂರ್ ಸಿಗುತ್ತದೆ. ಮರದ ಹಡಗು ಕಟ್ಟುವುದರಲ್ಲಿ ಹೆಸರಾದ ಊರು. ಈಗ ಉಳಿದಿರುವುದು ಚಿಕ್ಕದೊಂದು ಕಟ್ಟುವ ಅಂಗಳ. ನಾನು ಹೋದಾಗ ಒಂದು ಹಡಗು ಅರ್ಧ ಮೇಲೆದ್ದಿತ್ತು. ಇಲ್ಲಿನ ಹಳೆಯ ಪದ್ಧತಿಯಲ್ಲಿ ಮೊದಲು ಹೊರಗಿನ ಹಲಗೆಗಳನ್ನು ಬಾಗಿಸಿ ಜೋಡಿಸುತ್ತಾರೆ, ಒಳಗಿನ ಪಕ್ಕೆಲುಬು ಆಮೇಲೆ. ಕಾಗದದ ನಕ್ಷೆ ಇಲ್ಲ, ಎಲ್ಲವೂ ಮೇಸ್ತ್ರಿಯ ಕಣ್ಣಳತೆ. ಒಬ್ಬ ಕುಕ್ಕರಗಾಲಲ್ಲಿ ಕೂತು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿ ಇಟ್ಟು ಬಡಿದು ತುರುಕುತ್ತಿದ್ದ. ಎಲ್ಲಿಯವರು ಅಂತ ಕೇಳಿದೆ. ಕೇರಳ! ನಾನು ಮಂಗಳೂರು ಕಡೆಯವನು ಅಂದಾಗ, "ಹಾಗಾದ್ರೆ ಮಂಜಿ ನೋಡಿರ್ತೀರಲ್ಲ, ಇದೇನು ಹೊಸದು?" ಅಂತ ಹಿಂದಿಯಲ್ಲಿ ಹೇಳಿ ನಕ್ಕ. ನಿಜ, ನಮ್ಮ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮರದ ಹಡಗುಗಳಾದ ಮಂಜಿಗಳೂ ಇದೇ ಬಳಗದವು.

ಇದು ಕಾಕತಾಳೀಯವೇನಲ್ಲ. ಒಮಾನ್‌ನಲ್ಲಿ ಹಡಗಿಗೆ ಒದಗುವಂಥ ಮರ ಇರಲಿಲ್ಲ. ಸಾಗುವಾನಿ ಮಲಬಾರ್ ಕಡೆಯಿಂದಲೇ ಹೋಗಬೇಕಿತ್ತು. ಕಬ್ಬಿಣದ ಮೊಳೆ ಬಳಕೆಗೆ ಬರುವ ಮೊದಲು ಹಲಗೆಗಳನ್ನು ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದರು. ಹೀಗೆ ಹೊಲಿದೇ ಕಟ್ಟಿದ 'ಜ್ಯುವೆಲ್ ಆಫ್ ಮಸ್ಕತ್' 2010ರಲ್ಲಿ ಮಸ್ಕತ್‌ನಿಂದ ಸಿಂಗಾಪುರ ತಲುಪಿತು. ಹೊಲಿದ ಹಡಗು ಸಾಗರ ದಾಟೀತೇ ಅನ್ನುವವರಿಗೆ ಅಷ್ಟು ಸಾಕು.

ಊರಿನ ಲೆಕ್ಕಾಚಾರವೆಲ್ಲ ಗಾಳಿಯದು. ಈಶಾನ್ಯ ಗಾಳಿ ಹಿಡಿದು ಖರ್ಜೂರ, ಒಣಮೀನು ತುಂಬಿಕೊಂಡು ಪೂರ್ವ ಆಫ್ರಿಕಾಕ್ಕೆ. ಗಾಳಿ ತಿರುಗಿದ ಮೇಲೆ ಮರಳಿ. ಮುಂಗಾರಿನ ಅಬ್ಬರದಲ್ಲಿ ನಮ್ಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು, ಅದೂ ಅವರಿಗೆ ಬಾಯಿಪಾಠ. ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಅಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅಷ್ಟೇಕೆ, 1970ರವರೆಗೂ ಅಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ಗಲ್ಫ್ ರೂಪಾಯಿ ಓಡುತ್ತಿತ್ತು! ಇವತ್ತು ಮಸ್ಕತ್‌ಗೆ ವಿಮಾನ ಹತ್ತುವ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಲ್ಲ. ತಾವೇ ಮೊದಲು ಆ ದಾರಿ ಹಿಡಿದವರು ಅಂದುಕೊಂಡಿರುತ್ತಾರೆ.

ಹಾಗಂತ ಎಲ್ಲವನ್ನೂ ಹಾಡಿ ಹೊಗಳಲಾರೆ. 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್‌ನಿಂದ ಓಡಿಸಿದ ಈ ನಾವಿಕರು ಮುಂದೆ ಪೂರ್ವ ಆಫ್ರಿಕಾದ ಜಂಜಿಬಾರ್ ದ್ವೀಪದವರೆಗೆ ಸಾಮ್ರಾಜ್ಯ ಕಟ್ಟಿದರು. ಸುಲ್ತಾನ ಸಯ್ಯಿದ್ ಸಯೀದ್ ದರ್ಬಾರನ್ನೇ ಅಲ್ಲಿಗೆ ಸಾಗಿಸಿದ. ಆ ವೈಭವದ ಹಿಂದೆ ಲವಂಗದ ತೋಟಗಳಿದ್ದವು, ತೋಟಗಳಲ್ಲಿ ಗುಲಾಮರಿದ್ದರು. ಜಂಜಿಬಾರ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಪ್ರವಾಸಿಗರಿಗೆ ದಿಕ್ಸೂಚಿ, ಹಾಯಿ, ಖರ್ಜೂರದ ಬುಟ್ಟಿ ತೋರಿಸುವವರು ಈ ಮಾತು ಬಂದಾಗ ಬೇಗ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಮಸ್ಕತ್‌ನಲ್ಲಿ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆ ಮಾತಾಡುವ ಒಮಾನಿ ಅಜ್ಜಂದಿರು ಯಾಕಿದ್ದಾರೆ ಅನ್ನುವುದು ಈ ಕಥೆ ಪೂರ್ತಿ ಹೇಳದೆ ಅರ್ಥವಾಗುವುದಿಲ್ಲ. 1964ರ ಜಂಜಿಬಾರ್ ದಂಗೆಯ ನಂತರ ಅಲ್ಲಿದ್ದ ಎಷ್ಟೋ ಒಮಾನಿ ಕುಟುಂಬಗಳು ಎಲ್ಲ ಬಿಟ್ಟು ಒಮಾನ್‌ಗೆ ಬಂದವು.

ಒಂದು ವಿಷಯದಲ್ಲಿ ಮಾತ್ರ ಸೂರ್‌ನವರನ್ನು ಕಂಡು ಹೊಟ್ಟೆಕಿಚ್ಚಾಯಿತು. 1951ರಲ್ಲಿ ಅಲ್ಲೇ ಕಟ್ಟಿದ 'ಫತಹ್ ಅಲ್ ಖೈರ್' ಎಂಬ ಹಡಗು ಯಾವಾಗಲೋ ಯೆಮನ್ ಸೇರಿತ್ತು. ಊರವರು ಹಣ ಕೂಡಿಸಿ ವಾಪಸ್ ತಂದು ದಡದಲ್ಲಿ ನಿಲ್ಲಿಸಿದ್ದಾರೆ. ನಮ್ಮ ಹಳೆಯ ಮಂಜಿಯೊಂದಕ್ಕೆ ನಾವು ಹಾಗೆ ಚಂದಾ ಎತ್ತುತ್ತೇವಾ? ಗುಜರಿಗೆ ಹಾಕುತ್ತೇವೆ.

ಆಮೆ ನೋಡೋಕೆ ರಾಸ್ ಅಲ್ ಜಿಂಝ್‌ಗೆ ಹೋಗುವವರಿಗೆ ಸೂರ್ ದಾರಿಯಲ್ಲೇ ಸಿಗುತ್ತದೆ. ಹಡಗು ಕಟ್ಟುವ ಅಂಗಳಕ್ಕೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ, ಶುಕ್ರವಾರ ಬೇಡ, ಅವತ್ತು ಅಲ್ಲಿ ರಜೆ.