ಕಾಣೆ ಕಾಣೆಯಾದ ಭಾನುವಾರ

ಮಂಗಳೂರಿಗೆ ವರ್ಗವಾಗಿ ಬಂದ ಮೊದಲ ವಾರ. ಒಂದು ಹೋಟೆಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಪಟ್ಟಿ ಓದುತ್ತಿದ್ದೆ. ಬಂಗುಡೆ, ಅಂಜಲ್, ನಂಗ್, ಕಾಣೆ. ಬಂಗುಡೆ ಇದೆ, ಅಂಜಲ್ ಇದೆ, ನಂಗ್ ಮಾತ್ರ ಕಾಣೆ ಎಂದುಕೊಂಡೆ. ಖಾಲಿಯಾದದ್ದನ್ನೂ ಇಷ್ಟು ಪ್ರಾಮಾಣಿಕವಾಗಿ ಬರೆದು ಹಾಕುವ ಊರಲ್ಲವಾ ಎಂದು ಗೌರವವೂ ಬಂತು. ಕಾಣೆ ಎನ್ನುವುದೇ ಒಂದು ಮೀನು, ಅದರ ಹೆಸರು ಹೇಳಿದರೆ ಇಲ್ಲಿನವರ ಬಾಯಲ್ಲಿ ನೀರೂರುತ್ತದೆ ಎಂದು ಗೊತ್ತಾಗಲು ತಿಂಗಳು ಹಿಡಿಯಿತು.

ನನ್ನ ತಪ್ಪಲ್ಲ. ನಾನು ಅರಸೀಕೆರೆ ಕಡೆಯವನು. ನಮಗೆ ಮೀನು ಅಂದರೆ ಕೆರೆ ಮೀನು. ಕಾಟ್ಲಾ, ರೋಹು, ಹೆಚ್ಚೆಂದರೆ ಜಿಲೇಬಿ. ಕೆರೆ ತುಂಬಿದ ವರ್ಷ ಮೀನು, ತುಂಬದ ವರ್ಷ ಮೊಟ್ಟೆ. ಅಮ್ಮ ಮೀನು ಸಾರು ಮಾಡಿದರೆ ಜೊತೆಗೆ ಮುದ್ದೆ. ಸಮುದ್ರವನ್ನು ನಾನು ಮೊದಲು ನೋಡಿದ್ದೇ ಹೈಸ್ಕೂಲು ಪ್ರವಾಸದಲ್ಲಿ.

ಇಂಥ ನಾನು, ಮಲ್ಪೆಯ ತಾಂಡೇಲರೊಬ್ಬರ ಮಗಳಿಗೆ, "ನಿಮ್ಮನ್ನ ಒಳ್ಳೇ ಫಿಶ್ ಫ್ರೈ ಸಿಗೋ ಜಾಗಕ್ಕೆ ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟೆ. ಮೀನು ಹಿಡಿಯುವ ಬೋಟಿಗೆ ಹಿರಿಯರು ತಾಂಡೇಲರು. ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವರು. ಅಂಥವರ ಮಗಳಿಗೆ ನಾನು ಮೀನು ತೋರಿಸಲು ಹೊರಟಿದ್ದೆ. ಅಜ್ಜಿಗೆ ಕೆಮ್ಮೋದು ಕಲಿಸಿದ ಹಾಗೆ.

"ಹೌದಾ?" ಎಂದಳು. ಆಮೇಲೆ ಸ್ವಲ್ಪ ನಕ್ಕು, "ಆಯ್ತು, ಹೋಗುವ" ಎಂದಳು. ಆ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಸುಮ್ನೆ ಕೇಳುವವನಂತೆ ಕೇಳಿದೆ, ಇಲ್ಲಿ ಮೀನು ಎಲ್ಲಿ ಚೆನ್ನಾಗಿರುತ್ತೆ ಎಂದು. ಕೇಳಬಾರದಿತ್ತು. ಒಬ್ಬರು ಬಂದರಿನ ನಾರಾಯಣ ಎಂದರು. ಇನ್ನೊಬ್ಬರು ಕಾರ್‌ಸ್ಟ್ರೀಟಿನ ಗಿರಿಮಂಜಾಸ್ ಎಂದರು. ಮೂರನೆಯವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತು, ಮಸಾಲೆ ಅಂದರೆ ಕುಂದಾಪುರದ್ದು ಎಂದರು. ಕುಂದಾಪುರ ಇಲ್ಲಿಂದ 90 ಕಿಲೋಮೀಟರ್. ಆಮೇಲೆ ತವಾ ಫ್ರೈ ಮೇಲೋ ರವಾ ಫ್ರೈ ಮೇಲೋ ಎಂಬ ಜಗಳ ಶುರುವಾಯಿತು. ನಿವೃತ್ತಿಗೆ ಆರು ತಿಂಗಳಿದ್ದ ಹಿರಿಯರೊಬ್ಬರು ಕೊನೆಗೆ ತೀರ್ಪು ಕೊಟ್ಟರು: "ಒಳ್ಳೆ ಮೀನಿಗೆ ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ, ತೆಂಗಿನೆಣ್ಣೆ. ಸಾಕು. ರವೆ ಹಚ್ಚುವುದು ಮೀನಿನ ತಪ್ಪು ಮುಚ್ಚಲಿಕ್ಕೆ ಮಾರಾಯ್ರೆ." ರವಾ ಫ್ರೈ ಪಕ್ಷದವರು ಅವರ ಜೊತೆ ಸಂಜೆಯವರೆಗೆ ಮಾತಾಡಲಿಲ್ಲ.

ಸರಿ, ನಾನೇ ಪರೀಕ್ಷೆ ಮಾಡೋಣ ಎಂದು ಮೇ ತಿಂಗಳ ಕೊನೆಯಲ್ಲಿ ಒಂದು ವಾರ ದಿನಕ್ಕೊಂದು ಹೋಟೆಲು ಸುತ್ತಿದೆ. ಹೊಟ್ಟೆ ಕೆಟ್ಟಿತು, ಜ್ಞಾನ ಬಂತು. ಮೀನು ಎಲ್ಲಿ ಚೆನ್ನಾಗಿರುತ್ತದೋ ಅಲ್ಲಿ ಕೂರಲು ಜಾಗ ಇರುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಹೋದರೆ, ಊಟ ಮಾಡುತ್ತಿರುವವರ ಬೆನ್ನ ಹಿಂದೆ ಒಬ್ಬೊಬ್ಬರು ನಿಂತಿರುತ್ತಾರೆ. ಅದೇ ಕ್ಯೂ. ನಿಮ್ಮ ಕುರ್ಚಿಗೆ ಕೈಯಿಟ್ಟು, ನಿಮ್ಮ ತಟ್ಟೆಯಲ್ಲಿ ಇನ್ನೆಷ್ಟು ಅನ್ನ ಉಳಿದಿದೆ ಎಂದು ಭುಜದ ಮೇಲಿಂದ ಬಗ್ಗಿ ನೋಡುತ್ತಾರೆ. ನೀವು ಎರಡನೇ ಸಲ ಸಾರು ಹಾಕಿಸಿಕೊಂಡರೆ ಅವರ ನಿಟ್ಟುಸಿರು ಕಿವಿಗೆ ತಾಗುತ್ತದೆ. ಇಂಥ ಕಡೆ ಕೂತು ಒಬ್ಬ ಹುಡುಗಿಗೆ ಮನಸ್ಸಿನ ಮಾತು ಹೇಳುವುದು ಹೇಗೆ?

ಕೊನೆಗೆ ಒಂದು ಜಾಗ ಸಿಕ್ಕಿತು. ಎಸಿ. ದಪ್ಪ ಪರದೆ. ಹಾಡು ಹಗಲಲ್ಲೂ ಟೇಬಲ್ಲಿನ ಮೇಲೆ ಮೇಣದಬತ್ತಿ. ಬೆನ್ನ ಹಿಂದೆ ನಿಲ್ಲಲು ಯಾರಿಗೂ ಜಾಗವೇ ಇಲ್ಲದಂಥ ಎತ್ತರದ ಕುರ್ಚಿಗಳು. ಕಾಣೆ ತರಿಸಿ ತಿಂದೆ. ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಇದೇ ಜಾಗ ಎಂದು ತೀರ್ಮಾನಿಸಿದೆ.

ನಮ್ಮ ಮನೆಯಲ್ಲಿ ಡೇಟ್ ಅಂದರೆ ಜಮೀನಿನ ಕೇಸಿಗೆ ಕೋರ್ಟಿನವರು ಕೊಡುವುದು. ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನನ್ನದೂ ಹೋಯಿತು. ಶನಿವಾರ ಎಂದೆ. "ಶನಿವಾರ ನಾನು ಮೀನು ತಿನ್ನುವುದಿಲ್ಲ" ಎಂದಳು. ಸೋಮವಾರ? "ಸೋಮವಾರವೂ ಇಲ್ಲ." ಹಾಗಾದರೆ ಭಾನುವಾರ, 15ನೇ ತಾರೀಕು? ಕ್ಯಾಲೆಂಡರ್ ನೋಡಿ, "ಅವತ್ತು ಸಂಕ್ರಮಣ" ಎಂದಳು. ಸಮುದ್ರದ ಪಕ್ಕ ಹುಟ್ಟಿದವರು ಮೀನು ತಿನ್ನದಿರಲು ಇಷ್ಟೊಂದು ದಿನ ಇಟ್ಟುಕೊಂಡಿದ್ದಾರೆ ಎಂದು ನನಗೇನು ಗೊತ್ತು? ಅಂತೂ ಜೂನ್ 22, ಭಾನುವಾರ ಮಧ್ಯಾಹ್ನ ಎಂದು ನಿಗದಿಯಾಯಿತು.

ಜೂನ್. ಈ ಪದ ಓದಿದ ಕೂಡಲೇ ಕರಾವಳಿಯವರು ನಕ್ಕಿರುತ್ತೀರಿ.

ಅವತ್ತು ಮಳೆ ಬಂತು. ಮಳೆ ಎಂದರೆ ನಮ್ಮೂರಿನ ಮಳೆಯಲ್ಲ, ಆಕಾಶವೇ ಟ್ಯಾಂಕಿ ಒಡೆದುಕೊಂಡ ಹಾಗೆ. ಇಸ್ತ್ರಿ ಮಾಡಿದ ಅಂಗಿ ಆಟೋದಿಂದ ಹೋಟೆಲ್ ಬಾಗಿಲಿಗೆ ಹೋಗುವಷ್ಟರಲ್ಲಿ ಹಿಂಡುವಂತಾಗಿತ್ತು. ಎಸಿಯ ಕೆಳಗೆ ಕೂತು ಹಲ್ಲು ಕಟಕಟ ಎನ್ನುತ್ತಿದ್ದಾಗ ವೇಟರ್ ಬಂದು, "ಅಂಜಲ್, ಮಾಂಜಿ, ಕಾಣೆ, ಬಂಗುಡೆ ಎಲ್ಲ ಉಂಟು ಸರ್. ಫ್ರೆಶ್" ಎಂದ. ನಾನು ಗತ್ತಿನಿಂದ ಅವಳ ಕಡೆ ನೋಡಿದೆ.

ಅವಳು ವೇಟರ್ ಕಡೆ ನೋಡಿದಳು. ತುಳುವಿನಲ್ಲಿ ಏನೋ ಕೇಳಿದಳು. ಅವನ ಮುಖದ ಬಣ್ಣ ಇಳಿಯಿತು. ಆಮೇಲೆ ನನಗೂ ಅರ್ಥವಾಗಲಿ ಎಂದು ಕನ್ನಡಕ್ಕೆ ಬಂದಳು.

"ಜೂನ್ 1ಕ್ಕೆ ಬೋಟು ಎಲ್ಲ ದಡಕ್ಕೆ ಬಂದಿದೆ. ಜುಲೈ 31ರವರೆಗೆ 61 ದಿನ ರಜೆ. ಮೀನು ಮೊಟ್ಟೆ ಇಡುವ ಸಮಯ. 10 ಅಶ್ವಶಕ್ತಿಯ ಒಳಗಿನ ನಾಡದೋಣಿ ಹೋಗಬಹುದು, ಆದರೆ ಈ ಗಾಳಿಗೆ ಅದೂ ಹೋಗುವುದಿಲ್ಲ. ನಮ್ಮ ಅಪ್ಪ ಮೂರು ವಾರದಿಂದ ಮನೆಯಲ್ಲಿ ಕೂತು ಬಲೆ ಹೊಲಿಯುತ್ತಿದ್ದಾರೆ. ನಿಮ್ಮ ಕಾಣೆ ಎಂತ, ತಾನೇ ಈಜಿಕೊಂಡು ಇಲ್ಲಿಗೆ ಬಂತಾ?"

ವೇಟರ್ ನನ್ನ ಕಡೆ ನೋಡಿದ. ಕಾಪಾಡಿ ಸರ್ ಎನ್ನುವ ನೋಟ. ನಾನು ಅವನನ್ನೂ ಕಾಪಾಡಿ ನನ್ನ ಮಾನವನ್ನೂ ಉಳಿಸಿಕೊಳ್ಳುವ ಹಟದಲ್ಲಿ, "ಒಂದು ಕಾಣೆ ರವಾ ಫ್ರೈ, ಒಂದು ಬಂಗುಡೆ ಮಸಾಲಾ" ಎಂದೆ.

ಕಾಣೆ ಬಂತು. ಅದಕ್ಕೆ ಹಚ್ಚಿದ್ದ ರವೆಯಲ್ಲಿ ನಾಲ್ಕು ಜನಕ್ಕೆ ಉಪ್ಪಿಟ್ಟು ಮಾಡಬಹುದಿತ್ತು. ಅವಳು ಬೆರಳಿಂದ ಒಂದು ಮೂಲೆ ಎತ್ತಿದಳು. ಗೋಡೆಯ ಗಾರೆ ಎದ್ದ ಹಾಗೆ ಪೂರ್ತಿ ಕವಚ ಒಂದೇ ಏಟಿಗೆ ಎದ್ದುಬಂತು. ಒಳಗೆ ನನ್ನ ಹೆಬ್ಬೆರಳು ಗಾತ್ರದ ಬಿಳುಚಿದ ಜೀವವೊಂದು ಮಲಗಿತ್ತು. ಆಫೀಸಿನ ಹಿರಿಯರು ಕಣ್ಣ ಮುಂದೆ ಬಂದರು.

"ತಲೆ ತೆಗೆದು ಕೊಟ್ಟಿದ್ದಾರೆ ನೋಡಿ. ಕಣ್ಣು, ಕಿವಿರು ನೋಡಿದ್ರೆ ಗೊತ್ತಾಗ್ತದೆ ಅಂತ" ಎಂದಳು. ಬೈಯುವ ದನಿಯಲ್ಲ. ಡಾಕ್ಟರು ಎಕ್ಸ್‌ರೇ ತೋರಿಸಿ ವಿವರಿಸುವ ದನಿ.

ಮಾತು ಬದಲಿಸಲು ನಾನು ಬಂಗುಡೆಗೆ ಫೋರ್ಕ್ ಹಾಕಿದೆ. ಎಸಿ ಹೋಟೆಲಲ್ಲಿ ಕೈಯಲ್ಲಿ ತಿಂದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಫೋರ್ಕಿಗೆ ಮುಳ್ಳು ಯಾವುದು, ಮೀನು ಯಾವುದು ಎಂದು ತಿಳಿಯುವುದಿಲ್ಲ, ಅದು ಬೆರಳಿಗೆ ಮಾತ್ರ ತಿಳಿಯುತ್ತದೆ. ಎರಡನೇ ತುತ್ತಿಗೇ ಗಂಟಲಲ್ಲಿ ಏನೋ ಅಡ್ಡ ನಿಂತಿತು. ನುಂಗಿದೆ, ಹೋಗಲಿಲ್ಲ. ಕೆಮ್ಮಿದೆ, ಬರಲಿಲ್ಲ. ಇಡೀ ವಾರ ಕನ್ನಡಿ ಮುಂದೆ ಅಭ್ಯಾಸ ಮಾಡಿಟ್ಟಿದ್ದ ಮಾತು ಮುಳ್ಳಿನ ಹಿಂದೆ ಸಿಕ್ಕಿಬಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ನನ್ನ ಕಣ್ಣೀರು ಮಿನುಗುತ್ತಿದ್ದುದನ್ನು ಪಕ್ಕದ ಟೇಬಲ್ಲಿನ ಅಜ್ಜಿಯೊಬ್ಬರು ನೋಡಿ, ಇವನಿಗೆ ಹುಡುಗಿ ಒಲ್ಲೆ ಅಂದಳು ಎಂದೇ ತಿಳಿದರು. ಪಾಪ, ಬಾಯಿ ಲೊಚಗುಟ್ಟಿದರು.

ಇಷ್ಟು ಹೊತ್ತು ತಲೆ ತಗ್ಗಿಸಿದ್ದ ವೇಟರ್‌ಗೆ ಈಗ ಜೀವ ಬಂತು. ಓಡಿಹೋಗಿ ಬಿಳಿ ಅನ್ನ ತಂದ. ಅವಳು ಅದನ್ನು ನಿಂಬೆ ಗಾತ್ರದ ಉಂಡೆ ಕಟ್ಟಿ, "ಅಗಿಯಬೇಡಿ. ಹಾಗೇ ನುಂಗಿ" ಎಂದು ಕೈಗೆ ಕೊಟ್ಟಳು. ಆಮೇಲೆ ಕೇಳಿದೆ, ಡಾಕ್ಟರು ಇದನ್ನು ಮಾಡಬೇಡಿ ಎನ್ನುತ್ತಾರಂತೆ, ಮುಳ್ಳು ಇನ್ನೂ ಒಳಗೆ ಚುಚ್ಚಬಹುದಂತೆ. ಆ ಕ್ಷಣದಲ್ಲಿ ಅವಳು ಕಲ್ಲು ಕೊಟ್ಟಿದ್ದರೂ ನುಂಗುತ್ತಿದ್ದೆ. ನಾಲ್ಕನೇ ಉಂಡೆಗೆ ಮುಳ್ಳು ಇಳಿಯಿತು.

ಬಿಲ್ಲು ಕೊಟ್ಟು ಹೊರಗೆ ಬಂದೆವು. ಎರಡು ಗಂಟೆ. ಇಬ್ಬರಿಗೂ ಹಸಿವು. ನನಗಂತೂ ನಾಲ್ಕು ಉಂಡೆ ಬಿಳಿ ಅನ್ನ ಬಿಟ್ಟರೆ ಏನೂ ಇಳಿದಿರಲಿಲ್ಲ.

"ಬನ್ನಿ" ಎಂದು ಆಟೋ ನಿಲ್ಲಿಸಿದಳು. ದಕ್ಕೆ ಹತ್ತಿರ ಇಳಿಸಿದಳು. ಮೀನು ಇಳಿಸುವ ಜಾಗ ಅದು, ಈಗ ಸಾಲಾಗಿ ಕಟ್ಟಿಹಾಕಿದ ಬೋಟುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಪಕ್ಕದ ಓಣಿಯಲ್ಲಿ ತಗಡಿನ ಮಾಡಿನ ಒಂದು ಹೋಟೆಲು. ಬೋರ್ಡೂ ಇಲ್ಲ. ವಾಸನೆ ಮಾತ್ರ ಅರ್ಧ ಓಣಿಯಿಂದಲೇ ಕೈ ಹಿಡಿದು ಕರೆಯುತ್ತಿತ್ತು, ಅಥವಾ ತಳ್ಳುತ್ತಿತ್ತು. ಮೊದಲ ಸಲಕ್ಕೆ ಎರಡೂ ಒಂದೇ ಥರ.

"ಮಳೆಗಾಲದಲ್ಲಿ ಇದು ತಿನ್ನಬೇಕು" ಎಂದಳು. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಣ ಎಟ್ಟಿಯ ಚಟ್ನಿ, ತೆಂಗಿನೆಣ್ಣೆಯಲ್ಲಿ ಹುರಿದ ಒಣ ನಂಗ್. ಎಟ್ಟಿ ಅಂದರೆ ಸಿಗಡಿ. ಬೇಸಿಗೆಯ ಬಿಸಿಲಲ್ಲಿ ಒಣಗಿಸಿ ಮಳೆಗಾಲಕ್ಕೆ ಎತ್ತಿಟ್ಟಿದ್ದು. ಫ್ರೆಶ್ ಎಂದು ಯಾರೂ ಹೇಳಲಿಲ್ಲ. ಕಚ್ಚಿದರೆ ಹಪ್ಪಳದ ಹಾಗೆ ಕರಂ ಎಂದಿತು. ಮೇಲೊಂದು ಗುಟುಕು ಬಿಸಿ ಗಂಜಿ. ಒದ್ದೆ ಅಂಗಿ ಮರೆತೇಹೋಯಿತು. ಮೂರು ಸಲ ಹಾಕಿಸಿಕೊಂಡೆ, ಕೈಯಲ್ಲೇ.

ಎದುರಿಗೆ ಅವಳು. ಅವಳ ಪಕ್ಕ ಮೂಟೆ ಹೊರುವ ಇಬ್ಬರು. ನನ್ನ ಬೆನ್ನ ಹಿಂದೆ, ಕುರ್ಚಿಗೆ ಕೈಯಿಟ್ಟು, ಕೊಡೆಯಿಂದ ನನ್ನ ಭುಜಕ್ಕೆ ನೀರು ತೊಟ್ಟಿಕ್ಕಿಸುತ್ತ ಒಬ್ಬರು ಹಿರಿಯರು. ಇನ್ನೆಂದೂ ಧೈರ್ಯ ಬರುವುದಿಲ್ಲ ಅನಿಸಿತು. "ನಿಮಗೊಂದು ಮಾತು ಹೇಳಬೇಕಿತ್ತು" ಎಂದೆ.

"ಹೇಳಿ."

"ಅದೇನಂದ್ರೆ..." ಎಂದು ನಿಂತೆ. ಮುಳ್ಳೇನೂ ಇರಲಿಲ್ಲ. ಆದರೂ ನಿಂತೆ.

"ಬೇಗ ಹೇಳಿ ಮುಗಿಸಿ ಮಾರಾಯ್ರೆ, ಗಂಜಿ ಖಾಲಿಯಾಗ್ತದೆ" ಎಂದರು ಬೆನ್ನ ಹಿಂದಿನವರು.

ಹೇಳಿದೆ. ಮೂಟೆಯವರಿಬ್ಬರೂ ತಿನ್ನುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು. ಅವಳು ಕೊನೆಯ ತುಂಡು ನಂಗ್ ಮುಗಿಸಿ, ಬೆರಳು ಚೀಪಿ, "ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಮನೆಗೆ ಬನ್ನಿ. ಅಪ್ಪ ಕಾಣೆ ತರ್ತಾರೆ. ಈಗ ಬಂದ್ರೆ ಅವರಿಗೆ ಬೇರೆ ಕೆಲಸ ಇಲ್ಲ, ಬಲೆ ಬಿಟ್ಟು ನಿಮ್ಮನ್ನೇ ಹಿಡ್ಕೊಂಡು ಕೂರ್ತಾರೆ" ಎಂದಳು.

"ಆಯ್ತಲ್ಲ? ಏಳಿ ಹಾಗಾದ್ರೆ" ಎಂದು ಹಿರಿಯರು ನನ್ನ ಕುರ್ಚಿ ಎಳೆದುಕೊಂಡರು.