ಕ್ಯಾಪ್ಟನ್ ತೋಳುಪಟ್ಟಿ ಅನ್ವರ್ ಅಲಿಗೆ ಕೊಡಿ

2025ರ ನವೆಂಬರ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0–1ರಿಂದ ಸೋತ ರಾತ್ರಿಯಿಂದ ನಮ್ಮ ಗೆಳೆಯರ ನಡುವೆ ಒಂದೇ ಜಗಳ. ಬಾಂಗ್ಲಾ ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತು. ಸಂಜೆ ದಾವಣಗೆರೆಯ ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಮಂಡಕ್ಕಿ, ಮಿರ್ಚಿ ಕೈಗೆ ಬಂದ ಮೇಲೂ ಮಾತು ಅಲ್ಲಿಂದ ಕದಲಲಿಲ್ಲ. "ಈ ಕೋಚ್ ಖಾಲಿದ್ ಜಮೀಲ್‌ಗೆ ಕ್ಯಾಪ್ಟನ್ ಯಾರಾಗಬೇಕು ಅಂತಾನೂ ಗೊತ್ತಿಲ್ಲ, ಯಾವ ಆಟ ಆಡಿಸಬೇಕು ಅಂತಾನೂ ಗೊತ್ತಿಲ್ಲ, ಬಿಡಲೇ" ಅಂದ ಕಾಲೇಜಿನಲ್ಲಿ ನನ್ನ ಜೊತೆ ಆಡುತ್ತಿದ್ದ ಗೆಳೆಯ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಪೂರ್ತಿ ಉತ್ತರ ಕೊಡೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಕ್ಯಾಪ್ಟನ್ ಯಾರು, ಆಟ ಯಾವುದು ಅಂತ ನಾವು ಎರಡು ಪ್ರಶ್ನೆ ಕೇಳ್ತಿದ್ದೀವಿ. ನನ್ನ ಪ್ರಕಾರ ಇರೋದು ಒಂದೇ ಪ್ರಶ್ನೆ. ಆಗಸ್ಟ್‌ನಲ್ಲಿ ಜಮೀಲ್ ಅದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದರು. ಅಕ್ಟೋಬರ್‌ನಲ್ಲಿ ಆ ಉತ್ತರದ ಮೇಲೆ ಅವರಿಗೇ ನಂಬಿಕೆ ಹೋಯಿತು. ನನ್ನ ತಕರಾರು ಅಷ್ಟೇ.

ಜಮೀಲ್ ಬಂದಾಗ ತಂಡ ಯಾವ ಸ್ಥಿತಿಯಲ್ಲಿತ್ತು ಅನ್ನೋದು ನೆನಪಿರಲಿ. 2024ರಲ್ಲಿ ಭಾರತ 11 ಅಂತರರಾಷ್ಟ್ರೀಯ ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ. ಕೋಚ್ ಇಗೊರ್ ಸ್ಟಿಮಾಚ್ ಹೋದರು, ಮನೋಲೊ ಮಾರ್ಕೆಜ್ ಬಂದರು. ಮನೋಲೊ ಕಾಲದ ಎಂಟು ಪಂದ್ಯಗಳಲ್ಲಿ ಗೆಲುವು ಒಂದೇ, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ 3–0. ಹಿಂದಿನಿಂದ ಸಣ್ಣ ಸಣ್ಣ ಪಾಸ್ ಕಟ್ಟುತ್ತಾ ಚೆಂಡನ್ನು ಮೇಲೆ ತರುವ ಆಟ ನೋಡೋಕೆ ಚೆಂದ, ನನಗೂ ಇಷ್ಟ. ಆದರೆ ತಿಂಗಳುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದ ಕ್ಲಬ್‌ಗೆ ಅದು ಒಗ್ಗುತ್ತೆ. ಪಂದ್ಯಕ್ಕೆ ಹತ್ತು ದಿನ ಮುಂಚೆ ಒಟ್ಟಾಗುವ ನಮ್ಮ ರಾಷ್ಟ್ರೀಯ ತಂಡಕ್ಕೆ ಅದು ಒಗ್ಗಲಿಲ್ಲ.

ಆಮೇಲೆ 13 ವರ್ಷಗಳಲ್ಲಿ ಮೊದಲ ಸಲ ಭಾರತೀಯನೊಬ್ಬ ಕೋಚ್ ಆದ. ಸಾವಿಯೊ ಮೆದೇರಾ ನಂತರ ಆ ಕುರ್ಚಿಯಲ್ಲಿ ಕೂತ ನಮ್ಮವರು ಜಮೀಲ್. ಐಜಾಲ್‌ನಂಥ ಸಣ್ಣ ಕ್ಲಬ್‌ಗೆ 2016–17ರಲ್ಲಿ ಐ-ಲೀಗ್ ಗೆಲ್ಲಿಸಿಕೊಟ್ಟ ಮನುಷ್ಯ. ಕೈಯಲ್ಲಿರುವ ಆಟಗಾರರಿಗೆ ಯಾವ ಆಟ ಬರುತ್ತೋ ಅದನ್ನೇ ಆಡಿಸ್ತಾರೆ. ಮೊದಲು ಹಿಂದೆ ಒತ್ತೊತ್ತಾಗಿ ನಿಲ್ಲು, ಗೋಲು ಬಿಡಬೇಡ. ಚೆಂಡು ಸಿಕ್ಕರೆ ತಡಮಾಡದೆ ಮುಂದಕ್ಕೆ ಹೊಡಿ. ಕಾರ್ನರ್, ಫ್ರೀ ಕಿಕ್, ಲಾಂಗ್ ಥ್ರೋ ಒಂದನ್ನೂ ವ್ಯರ್ಥ ಮಾಡಬೇಡ. 2025ರ ಆಗಸ್ಟ್ 29ರಂದು, ಕಾಫಾ ನೇಷನ್ಸ್ ಕಪ್ ಟೂರ್ನಿಯಲ್ಲಿ, ತಜಿಕಿಸ್ತಾನದ ಹಿಸೋರ್‌ನಲ್ಲಿ ಅವರ ಮೊದಲ ಪಂದ್ಯ. ಆತಿಥೇಯರ ಎದುರೇ. ಐದನೇ ನಿಮಿಷಕ್ಕೆ ಉವೈಸ್ ಲಾಂಗ್ ಥ್ರೋ, ಅನ್ವರ್ ಅಲಿ ಹೆಡರ್, ಗೋಲು. ಹದಿಮೂರನೇ ನಿಮಿಷಕ್ಕೆ ಸಂದೇಶ್ ಜಿಂಗನ್ ಇನ್ನೊಂದು. ಎರಡೂ ಡಿಫೆಂಡರ್‌ಗಳ ಗೋಲು! ಆಮೇಲೆ ಗುರುಪ್ರೀತ್ ಸಿಂಗ್ ಸಂಧು ಒಂದು ಪೆನಾಲ್ಟಿ ತಡೆದ. 2–1ಕ್ಕೆ ಗೆದ್ದೆವು. ಆ ರಾತ್ರಿ ನಾನು ಮೊಬೈಲ್ ಹಿಡಿದು ಮನೆಯ ಹಾಲ್‌ನಲ್ಲಿ ಎದ್ದು ನಿಂತೇ ಪಂದ್ಯ ನೋಡಿದ್ದೆ.

ಅಲ್ಲಿ ಕ್ಯಾಪ್ಟನ್ ಜಿಂಗನ್. ಇರಾನ್ ಎದುರು ಆತನ ಕೆನ್ನೆಮೂಳೆಗೆ ಪೆಟ್ಟಾದ ಮೇಲೆ ಹೊಣೆ ಗುರುಪ್ರೀತ್ ಹೆಗಲಿಗೆ ಬಂತು. ಮೂರನೇ ಸ್ಥಾನದ ಪಂದ್ಯದಲ್ಲಿ ನಮಗಿಂತ ಎಷ್ಟೋ ಮೇಲಿನ ರ‍್ಯಾಂಕಿನ ಓಮನ್ ಜೊತೆ 1–1, ಪೆನಾಲ್ಟಿಯಲ್ಲಿ ಗೆಲುವು. ಕೊನೆಯ ಪೆನಾಲ್ಟಿ ತಡೆದವನು ಗುರುಪ್ರೀತ್. ಒಬ್ಬ ಸ್ಟಾಪರ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲೋನು, ಒಬ್ಬ ಕೀಪರ್, ಇಬ್ಬರೂ ಹಿಂದಿನವರು. ವರ್ಷಗಟ್ಟಲೆ ಕ್ಯಾಪ್ಟನ್ ಆಗಿದ್ದ ಸ್ಟ್ರೈಕರ್ ಸುನಿಲ್ ಛೆಟ್ರಿ ಹೆಸರು ತಂಡದಲ್ಲೇ ಇರಲಿಲ್ಲ. ಮೋಹನ್ ಬಾಗಾನ್ ಕ್ಲಬ್ ತನ್ನ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಇದ್ದವರನ್ನೇ ಕಟ್ಟಿಕೊಂಡು ಜಮೀಲ್ ಅಷ್ಟು ಮಾಡಿ ತೋರಿಸಿದರು.

ಈಗ ನನ್ನ ವಾದ. ನಮ್ಮ ತಂಡ ಪಂದ್ಯದ ಬಹುಪಾಲು ಚೆಂಡಿಲ್ಲದೆ ಆಡುತ್ತೆ ಅಂತ ನಿರ್ಧಾರ ಆದ ಮೇಲೆ ಕ್ಯಾಪ್ಟನ್ ಎಲ್ಲಿರಬೇಕು? ಇಡೀ ಆಟ ಕಣ್ಣ ಮುಂದೆ ಕಾಣುವ ಜಾಗದಲ್ಲಿ. ಒಬ್ಬ ಬ್ಯಾಕ್ ಎರಡು ಹೆಜ್ಜೆ ಮುಂದೆ ಹೋದರೆ "ಬಾ ಒಳಗೆ" ಅಂತ ಕೂಗೋನು, ಹಾಫ್ ಲೈನಿನ ಹತ್ತಿರ ಒಂಟಿಯಾಗಿ ಚೆಂಡಿಗೆ ಕಾಯುತ್ತಾ ನಿಂತ ಸ್ಟ್ರೈಕರ್ ಆಗೋಕೆ ಸಾಧ್ಯವಿಲ್ಲ.

ಇದನ್ನು ನಾನು ಕಲಿತದ್ದು ಟಿವಿ ನೋಡಿ ಅಲ್ಲ. ದಾವಣಗೆರೆಯಲ್ಲಿ ಕಾಲೇಜು ಓದುವಾಗ ನಾನು ರೈಟ್ ಬ್ಯಾಕ್. ನಮ್ಮ ಕ್ಯಾಪ್ಟನ್ ನಮ್ಮಲ್ಲೇ ಚೆನ್ನಾಗಿ ಆಡುತ್ತಿದ್ದ ಹುಡುಗ, ಸೆಂಟರ್ ಫಾರ್ವರ್ಡ್. ಗೋಲು ಹೊಡೆಯೋನಿಗೇ ಕ್ಯಾಪ್ಟನ್ ಪಟ್ಟ ಅನ್ನೋದು ಆಗಿನ ಲೆಕ್ಕ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಾಗುವ ನಮ್ಮ ನೆಲದ ಮೇಲೆ ಪಾಸಿಂಗ್ ಆಟ ನಡೆಯಲ್ಲ, ಚೆಂಡು ಎಲ್ಲೆಲ್ಲೋ ಪುಟಿಯುತ್ತೆ. ಹಾಗಾಗಿ ಪಿ.ಟಿ. ಮೇಷ್ಟ್ರು ಎತ್ತಿ ಹೊಡೆಯುವ ಆಟ ಆಡಿಸ್ತಿದ್ದರು. ಚಿತ್ರದುರ್ಗದಲ್ಲಿ ಒಂದು ಪಂದ್ಯ. 1–0 ಮುಂದಿದ್ದವರು ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ತಿಂದೆವು. ಇಬ್ಬರು ಬ್ಯಾಕ್‌ಗಳು ಮುಂದೆ ಓಡಿದ್ದರು, ಹಿಂದೆ ಕರೆಯೋರು ಯಾರೂ ಇರಲಿಲ್ಲ. ಕ್ಯಾಪ್ಟನ್ ಆ ತುದಿಯಲ್ಲಿ ನಿಂತು ಕೈ ಬೀಸುತ್ತಿದ್ದ, ಪಾಪ, ಅವನ ದನಿ ನಮ್ಮತನಕ ಬರುತ್ತಿರಲಿಲ್ಲ. ಮುಂದಿನ ವರ್ಷ ಮೇಷ್ಟ್ರು ಸ್ಟಾಪರ್ ಬ್ಯಾಕ್‌ಗೆ ಕ್ಯಾಪ್ಟನ್ ಕೊಟ್ಟರು. ಅವನಿಗೆ ಡ್ರಿಬ್ಲಿಂಗ್ ಅಷ್ಟಕ್ಕಷ್ಟೇ. ಆದರೆ ಆ ವರ್ಷ ನಾವು ಕೊನೆ ಗಳಿಗೆಯ ಗೋಲು ಒಂದನ್ನೂ ತಿನ್ನಲಿಲ್ಲ.

ಕ್ರಿಕೆಟ್ಟಿನಲ್ಲಿ ನಮ್ಮ ಊರಿನ ಉದಾಹರಣೆಯೇ ಇದೆಯಲ್ಲ. ಕೆ.ಎಲ್. ರಾಹುಲ್, ಮನೀಶ್ ಪಾಂಡೆ, ಕರುಣ್ ನಾಯರ್, ರಾಬಿನ್ ಉತ್ತಪ್ಪ ಇದ್ದ ಕರ್ನಾಟಕ ತಂಡಕ್ಕೆ ಕ್ಯಾಪ್ಟನ್ ಆಗಿದ್ದವರು ದಾವಣಗೆರೆಯ ವಿನಯ್ ಕುಮಾರ್. ಬ್ಯಾಟಿಂಗ್ ತಾರೆಗಳ ನಡುವೆ ದಿನವಿಡೀ ಓಡಿ ಬಂದು ಬೌಲ್ ಮಾಡುವ ಮನುಷ್ಯ. 2013–14, 2014–15, ಎರಡು ರಣಜಿ ಟ್ರೋಫಿ ಸತತವಾಗಿ ಬಂದವು. ಅಲ್ಲಿ ಯಾರೂ "ದೊಡ್ಡ ಹೆಸರಿಗೆ ಯಾಕೆ ಕೊಡಲಿಲ್ಲ" ಅಂತ ಕೇಳಲಿಲ್ಲ.

"ಹಾಗಾದರೆ ಛೆಟ್ರಿ ಇಷ್ಟು ವರ್ಷ ಕ್ಯಾಪ್ಟನ್ ಆಗಿದ್ದು ತಪ್ಪಾ?" ಅಂತ ನೀವು ಕೇಳ್ತೀರಿ. ಖಂಡಿತ ಅಲ್ಲ. 2023ರ ಜುಲೈ 4ರಂದು ಸ್ಯಾಫ್ (ದಕ್ಷಿಣ ಏಷ್ಯಾ) ಕಪ್ ಫೈನಲ್ ನೋಡೋಕೆ ನಾವು ಮೂವರು ರೈಲು ಹತ್ತಿ ಕಂಠೀರವಕ್ಕೆ ಹೋಗಿದ್ದೆವು. ಕುವೈತ್ ಮೊದಲು ಗೋಲು ಹೊಡೀತು, ಛಾಂಗ್ಟೆ ಸಮ ಮಾಡಿದ, ಪೆನಾಲ್ಟಿ ಸಡನ್ ಡೆತ್ ತನಕ ಹೋಗಿ 5–4. ಛೆಟ್ರಿ ಕಪ್ ಎತ್ತಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಬೆಂಗಳೂರು ಎಫ್‌ಸಿ ಮೂಲಕ ಕನ್ನಡಿಗರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ ಮನುಷ್ಯ ಆತ. ಆಗ ತಂಡ ಚೆಂಡು ಇಟ್ಟುಕೊಂಡು ಆಡೋಕೆ ನೋಡ್ತಿತ್ತು, ಆಟ ಛೆಟ್ರಿ ಸುತ್ತ ತಿರುಗುತ್ತಿತ್ತು. ಕ್ಯಾಪ್ಟನ್ ಪಟ್ಟಿ ಆತನ ತೋಳಲ್ಲಿ ಇದ್ದದ್ದು ಸರಿಯೇ.

ಆಟ ಬದಲಾಯಿತು. 2025ರ ಅಕ್ಟೋಬರ್‌ನಲ್ಲಿ ಸಿಂಗಾಪುರ ಎದುರಿನ ಏಷ್ಯಾ ಕಪ್ ಅರ್ಹತಾ ಪಂದ್ಯಗಳಿಗೆ 41 ವರ್ಷದ ಛೆಟ್ರಿಯನ್ನು ಮತ್ತೆ ಕರೆದಾಗ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಎತ್ತಿ ಹೊಡೆದ ಚೆಂಡಿನ ಹಿಂದೆ ಓಡುವ ಆಟಕ್ಕೆ ಈಗ ಆ ಕಾಲುಗಳನ್ನು ಕೇಳೋದು ಅನ್ಯಾಯ. ಅಲ್ಲಿ, ಸಿಂಗಾಪುರದಲ್ಲಿ, ಜಿಂಗನ್ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ. ಅದು ಆತನ ದೊಡ್ಡ ತಪ್ಪು, ಅದನ್ನು ಮುಚ್ಚಿಡಲ್ಲ. ಆದರೂ ಹತ್ತು ಜನ ಹಠ ಹಿಡಿದು ಕಾದರು, ಕೊನೆಗೆ ರಹೀಮ್ ಅಲಿ ಸಮ ಮಾಡಿದ. ಅಷ್ಟು ಚೆನ್ನಾಗಿ ಕಾದ ತಂಡ ಐದೇ ದಿನದಲ್ಲಿ ಮಡಗಾಂವ್‌ನಲ್ಲಿ ಬೇರೆಯದೇ ಮುಖ ತೋರಿಸ್ತು. ಛಾಂಗ್ಟೆಯ ಸೊಗಸಾದ ಗೋಲಿನಿಂದ ಮುಂದಿದ್ದೆವು. ಅರ್ಧ ವಿರಾಮಕ್ಕೆ ಒಂದು ನಿಮಿಷ ಇರುವಾಗ ಒಂದು ಗೋಲು ಬಿಟ್ಟೆವು, ಮತ್ತೆ ಇನ್ನೊಂದು. 1–2. 2027ರ ಏಷ್ಯಾ ಕಪ್ ಬಾಗಿಲು ಅಲ್ಲಿಗೇ ಮುಚ್ಚಿತು. ಗೋಲು ಬಿಟ್ಟ ಆ ಗಳಿಗೆಯಲ್ಲಿ ಚಿತ್ರದುರ್ಗದ ಪಂದ್ಯವೇ ನೆನಪಾಯಿತು ನನಗೆ. ಹಿಂದಿನವರನ್ನು ಹಿಡಿದು ನಿಲ್ಲಿಸುವ ದನಿ ಇರಲಿಲ್ಲ.

ಹೌದು, ನಮ್ಮ ದೇಶದ ಐಎಸ್‌ಎಲ್ ಲೀಗ್ ಶುರುವಾಗದೆ ಹುಡುಗರಿಗೆ ಸರಿಯಾದ ಪಂದ್ಯಗಳೇ ಇರಲಿಲ್ಲ, ಅದೂ ಕಾರಣ. ಆ ವಿಷಯಕ್ಕೆ ಬೇರೆಯದೇ ಬರಹ ಬೇಕು.

ಈಗ ಯಾರು? ಗುರುಪ್ರೀತ್ ಮೇಲೆ ನನಗೆ ಗೌರವ ಇದೆ. 2024ರ ಜೂನ್‌ನಲ್ಲಿ ದೋಹಾದಲ್ಲಿ, ಛೆಟ್ರಿ ಮೊದಲ ಸಲ ವಿದಾಯ ಹೇಳಿದ ನಂತರದ ಮೊದಲ ಪಂದ್ಯದಲ್ಲಿ, ಕ್ಯಾಪ್ಟನ್ ಆಗಿದ್ದವನು ಅವನೇ. ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒಳಗೆಳೆದು ಕತಾರ್ ಹೊಡೆದ ಗೋಲನ್ನು ರೆಫರಿ ಕೊಟ್ಟೇಬಿಟ್ಟ. ಈಗ ನೆನೆದರೂ ಹೊಟ್ಟೆ ಉರಿಯುತ್ತೆ. ಅಂಥ ಹೊತ್ತಿನಲ್ಲಿ ಕೀಪರ್ ಗೋಲ್ ಬಿಟ್ಟು ರೆಫರಿ ಹತ್ತಿರ ಓಡಬೇಕು, ತನ್ನವರನ್ನೂ ಸಮಾಧಾನ ಮಾಡಬೇಕು. ಆ ಜಾಗದಿಂದ ಎರಡೂ ಕಷ್ಟ. ಜಿಂಗನ್ ಮೈಯೊಡ್ಡಿ ಆಡೋನು, ಆದರೆ ಕಾರ್ಡ್ ಮತ್ತು ಪೆಟ್ಟು ಎರಡೂ ಅವನನ್ನು ಬಿಡಲ್ಲ.

ನಾನು ಕೇಳೋದು ಅನ್ವರ್ ಅಲಿ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಹುಡುಗ. ಆಮೇಲೆ ಹೃದಯದ ತೊಂದರೆ ಕಂಡು ಆಡಬೇಡ ಅಂದಾಗ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿ, ಆಡುವ ಹಕ್ಕಿಗೆ ಹೋರಾಡಿ ಮರಳಿ ಬಂದ. ಆತ ನಿಲ್ಲೋದು ಹಿಂದಿನ ಸಾಲಿನ ನಟ್ಟನಡುವೆ. ಲಾಂಗ್ ಥ್ರೋ ಬಂದರೆ ಮೇಲೆ ಹೋಗಿ ತಲೆ ಕೊಡುವವನೂ ಅವನೇ. ಜಮೀಲ್ ಆಟದ ಎರಡೂ ತುದಿಯಲ್ಲಿ ಇರುವ ಮನುಷ್ಯ ಅಂದರೆ ಅವನೊಬ್ಬನೇ.

ವಯಸ್ಸು ಸಣ್ಣದು, ಹಿರಿಯರು ಬೇಜಾರಾಗ್ತಾರೆ ಅಂದ ನನ್ನ ಗೆಳೆಯ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ತಂಡ ನೋಡು ಅಂದೆ. ಕೋಚ್ ಸೈಯದ್ ಅಬ್ದುಲ್ ರಹೀಮ್. 1960ರ ರೋಮ್ ಒಲಿಂಪಿಕ್ಸ್ ಕ್ಯಾಪ್ಟನ್ ಪಿ.ಕೆ. ಬ್ಯಾನರ್ಜಿ ತಂಡದಲ್ಲೇ ಇದ್ದರು. ಆದರೂ ಕ್ಯಾಪ್ಟನ್ 24 ವರ್ಷದ ಚುನಿ ಗೋಸ್ವಾಮಿ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಗೋಲು ಹೊಡೆದವರು ಯಾರು ಗೊತ್ತಾ? ಅದೇ ಪಿ.ಕೆ. ಬ್ಯಾನರ್ಜಿ, ಮತ್ತೆ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್. ಜರ್ನೈಲ್‌ನನ್ನು ಅವತ್ತು ಮುಂದೆ ಫಾರ್ವರ್ಡ್ ಆಗಿ ಆಡಿಸಿದ್ದು ರಹೀಮ್ ಸಾಹೇಬರು. 2–1, ಚಿನ್ನ. ಪಟ್ಟಿ ತನ್ನ ತೋಳಲ್ಲಿ ಇಲ್ಲ ಅಂತ ಬ್ಯಾನರ್ಜಿ ಆಟ ಕಡಿಮೆ ಮಾಡಲಿಲ್ಲ. ಚುನಿ ಫಾರ್ವರ್ಡ್ ಆಗಿದ್ದರಲ್ಲ ಅಂತ ಗೆಳೆಯ ಅಲ್ಲೇ ಹಿಡಿದ. ಸರಿಯೇ, ಆ ತಂಡ ಚೆಂಡು ಇಟ್ಟುಕೊಂಡು ಆಡುವ ತಂಡ. ನಾನು ಮೊದಲಿಂದ ಹೇಳ್ತಿರೋದೂ ಅದನ್ನೇ.

ಅವನು ಇನ್ನೂ ಒಪ್ಪಿಲ್ಲ. ಶನಿವಾರ ಸಂಜೆ ಅದೇ ಮಂಡಕ್ಕಿ ಗಾಡಿ ಹತ್ತಿರ ಇರ್ತೀವಿ. ಛೆಟ್ರಿ ಕಡೆಯವರು, ಗುರುಪ್ರೀತ್ ಕಡೆಯವರು, ಯಾರು ಬಂದರೂ ಸರಿ. ನನ್ನ ಕಡೆಗೆ ಸದ್ಯ ನಾನೊಬ್ಬನೇ ಇದ್ದೀನಿ.